ಚಲೋ ಉರಿಯೋ ಲೈಟು ವಾಪಸ್ ಕೊಡ್ರಿ ಅಂದ್ರ ಕೊಡಬೇಕಾ?

ಪ್ರಶ್ನೆ: ಸರ, ನಮ್ಮದು ಸಿಂಧನೂರಿನಾಗ ಬಟ್ಟೆ ಅಂಗಡಿ. ಕೆಳಗ ಶೋರೂಮ್, ಮ್ಯಾಲ ಹೊಲಿಗೆ ಮತ್ತ ಸ್ಟಾಕ್. ಎರಡು ವರ್ಷದ ಹಿಂದ ಫಾಲ್ಸ್ ಸೀಲಿಂಗ್ ಮಾಡಿಸಿದಾಗ ಎಲ್ಲಾ ಕಡೆ 2 ಬೈ 2 ಎಲ್‌ಇಡಿ ಪ್ಯಾನಲ್ ಹಾಕಿಸೀವಿ. ಈಗ ಡೀಲರ್ ವಾಟ್ಸಾಪ್‌ನಾಗ ಕಂಪನಿ ಪತ್ರ ಕಳಿಸ್ಯಾನ, ಇಂಥಾ ಬ್ಯಾಚಿನ ಡ್ರೈವರ್‌ನಾಗ (ಪ್ಯಾನಲ್ಲಿಗೆ ಕರೆಂಟ್ ಕೊಡೋ ಡಬ್ಬಿಯಾಗ) ಶಾಕ್ ಹೊಡೆಯೋ ಅಪಾಯ ಐತಿ, ಬಳಸೋದು ನಿಲ್ಲಿಸ್ರಿ, ವಾಪಸ್ ತಗೋತೀವಿ ಅಂತ. ನಮ್ಮ ಎಲೆಕ್ಟ್ರಿಷಿಯನ್ ನೋಡಿದ್ರ "ಎಲ್ಲಾ ಚಲೋ ಉರಿಯಾಕತ್ತಾವು, ಸುಮ್ನ ಯಾಕ ಸೀಲಿಂಗ್ ಬಿಚ್ಚಿಸ್ತೀರಿ, ಬೇಕಂದ್ರ ಬ್ಯಾರೆ ಡ್ರೈವರ್ ನಾನ ಹಾಕಿ ಕೊಡ್ತೀನಿ" ಅಂತಾನ. ಹಬ್ಬದ ಸೀಜನ್ ಬ್ಯಾರೆ ಬಂತು. ಏನು ಮಾಡ್ಲಿ? ಖರ್ಚು ಯಾರದು?

ಉತ್ತರ: ಮೊದಲು ಆ ಪ್ಯಾನಲ್ ಇರೋ ಸರ್ಕ್ಯೂಟಿನ ಎಂಸಿಬಿ, ಅಂದ್ರ ಬೋರ್ಡಿನಾಗಿನ ಟ್ರಿಪ್ ಸ್ವಿಚ್ಚು, ಬಂದ್ ಮಾಡ್ರಿ ಸರ, ಆಮ್ಯಾಲ ಮುಂದಿಂದು ಓದ್ರಿ. ಯಾವ ಪ್ಯಾನಲ್ ಆ ಬ್ಯಾಚಿಂದು ಯಾವುದು ಅಲ್ಲ ಅಂತ ಗೊತ್ತಾಗೋ ತನಕ ಎಲ್ಲಾನೂ ಬಂದ್ ಇರ್ಲಿ. ಒಂದೆರಡು ದಿನ ಬ್ಯಾರೆ ಬೆಳಕಿನಾಗ ಅಂಗಡಿ ನಡಸಬಹುದು, ಅದು ಹೆಂಗ ಅಂತ ಮುಂದ ಹೇಳ್ತೀನಿ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಮಾತು ನಾನು ಬಳ್ಳಾರಿಯ ಜೀನ್ಸ್ ಹೊಲಿಯೋ ಯುನಿಟ್‌ಗಳಾಗೂ ಕೇಳೀನಿ, ಗಂಗಾವತಿ ರೈಸ್ ಮಿಲ್ಲಿನಾಗೂ ಕೇಳೀನಿ. ಉರಿಯಾಕತ್ತೈತಿ ಅಂದ್ರ ಚಲೋ ಐತಿ ಅಂತ ಎಲ್ಲಾರೂ ತಿಳ್ಕೋತಾರ. ತಪ್ಪು ಅಲ್ಲೇ ಆಗೋದು. ರೀಕಾಲ್ ಮಾಡೋದು, ಅಂದ್ರ ಕಂಪನಿ ಮಾಲು ವಾಪಸ್ ಕರೆಯೋದು, ಲೈಟು ಉರಿಯಂಗಿಲ್ಲ ಅಂತ ಅಲ್ಲ, ಉರಿಯದ ಲೈಟಿಗೆ ವಾರಂಟಿ ಐತಿ, ಅದಕ್ಕ ಪತ್ರ ಬರಂಗಿಲ್ಲ. ಚಂದ ಉರ್ಕೊಂತನ ಒಳಗ ಅಪಾಯ ಇಟ್ಕೊಂಡಿರೋ ಲೈಟಿಗೆ ಮಾತ್ರ ರೀಕಾಲ್ ಬರ್ತೈತಿ. ಬ್ರೇಕ್ ಹೋದ ಗಾಡಿ ಸ್ಟಾರ್ಟ್ ಚಲೋನ ಆಗ್ತೈತಿ ನೋಡ್ರಿ, ಹಂಗ.

ಡ್ರೈವರ್ ಒಳಗ ಏನ್ ನಡೀತೈತಿ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರ ಇದು ತಿಳದ್ರ ಉಳಿದಿದ್ದೆಲ್ಲಾ ತಾನ ತಿಳೀತೈತಿ. ಪ್ಯಾನಲ್ ಹಿಂದ ಒಂದು ಸಣ್ಣ ಬಿಳೆ ಡಬ್ಬಿ ಇರ್ತೈತಲ್ಲ, ಅದಕ್ಕ ಒಂದು ಕಡೆ 230 ವೋಲ್ಟ್ ಎಸಿ ಬರ್ತೈತಿ, ಇನ್ನೊಂದು ಕಡೆಯಿಂದ ಎಲ್‌ಇಡಿಗೆ ಸಾಮಾನ್ಯವಾಗಿ 30-40 ವೋಲ್ಟ್ ಡಿಸಿ ಹೋಗ್ತೈತಿ. ಈ ಎರಡೂ ಕಡೆ ನಡುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಅದರ ಪ್ರೈಮರಿ ಸುತ್ತು ಒಂದು, ಸೆಕೆಂಡರಿ ಸುತ್ತು ಒಂದು, ಮಧ್ಯ ಇನ್ಸುಲೇಷನ್ ಟೇಪು. ಬೋರ್ಡಿನ ಮ್ಯಾಲೂ ಈ ಎರಡು ಕಡೆ ನಡುವ ಇಷ್ಟು ಮಿಲಿಮೀಟರ್ ಅಂತರ ಇರಲೇಬೇಕು ಅಂತ ಐತಿ. ಜೊತೆಗೆ ನಾಯ್ಸ್ ಕಡಿಮಿ ಮಾಡಾಕ ಅಂತ ವೈ-ಕೆಪಾಸಿಟರ್ ಅನ್ನೋ ಒಂದು ನೀಲಿ ಬಿಲ್ಲೆಯಂಥಾದ್ದು ಎರಡೂ ಕಡೆಗೆ ಸೇತುವೆ ಹಾಕ್ದಂಗ ಕೂತಿರ್ತೈತಿ. ಈಗ ಫ್ಯಾಕ್ಟರಿಯಾಗ ಯಾವುದೋ ಒಂದು ತಿಂಗಳು ಟೇಪು ತೆಳ್ಳಂದು ಬಂತು, ಇಲ್ಲಾ ಆ ಕೆಪಾಸಿಟರ್ ಸೇಫ್ಟಿ ರೇಟಿಂಗ್ ಇಲ್ಲದ್ದು ಹಾಕಿದ್ರು ಅಂತ ಇಟ್ಕೋರಿ. ಲೈಟು ಮೊದಲನೇ ದಿನಾನೂ ಉರೀತೈತಿ, ಎರಡು ವರ್ಷ ಆದ್ಮ್ಯಾಲೂ ಉರೀತೈತಿ. ಒಂದಿನ ಕಾವಿಗೋ ವೋಲ್ಟೇಜ್ ಏರಿದ್ದಕ್ಕೋ ಆ ಇನ್ಸುಲೇಷನ್ ಒಡೀತು ಅಂದ್ರ 230 ವೋಲ್ಟು ನೆಟ್ಟಗ ಎಲ್‌ಇಡಿ ಕಡೆಗೆ ದಾಟ್ತೈತಿ, ಎಲ್‌ಇಡಿ ಪಟ್ಟಿ ಅಂಟಿರೋದು ಅಲ್ಯೂಮಿನಿಯಂ ಫ್ರೇಮಿಗೆ, ಅಲ್ಲಿಂದ ಫ್ರೇಮಿಗೆ ಬರಾಕ ತಡ ಇಲ್ಲ. ಅಷ್ಟಾದ್ರೂ ಕೆಲವು ಸಲ ಲೈಟು ಉರ್ಕೋತನ ಇರ್ತೈತಿ!

ಈಗ ನಿಮ್ಮ ಸೀಲಿಂಗ್ ನೆನಪ ಮಾಡ್ಕೋರಿ. 2 ಬೈ 2 ಪ್ಯಾನಲ್ ಕೂತಿರೋದು ತಗಡಿನ ಟಿ-ಗ್ರಿಡ್ ಮ್ಯಾಲ, ಸೀಲಿಂಗ್ ಹೊತ್ತಿರೋ ಪಟ್ಟಿಗಳ ಚೌಕಟ್ಟು ಅದು. ಒಂದು ಪ್ಯಾನಲ್ ಫ್ರೇಮಿಗೆ ಕರೆಂಟ್ ಬಂದ್ರ ಅದು ಆ ಪ್ಯಾನಲ್‌ಗಷ್ಟೇ ನಿಲ್ಲಂಗಿಲ್ಲ, ಫ್ರೇಮು ಗ್ರಿಡ್ಡಿಗೆ ತಾಗಿರ್ತೈತಿ, ಗ್ರಿಡ್ಡು ರೂಮಿನ ತುಂಬಾ ಹರಡಿರ್ತೈತಿ. ಗ್ರಾಹಕರಿಗೆ ಅದು ಕೈಗೆ ಸಿಗಂಗಿಲ್ಲ ನಿಜ. ಆದ್ರ ಏಸಿ ಸರ್ವಿಸಿಗೆ ಬಂದ ಹುಡುಗ, ಸಿಸಿಟಿವಿ ವೈರ್ ಎಳಿಯಾಕ ಸ್ಟೂಲ್ ಹತ್ತಿದವ, ದೀಪಾವಳಿಗೆ ಬಲೆ ಹೊಡಿಯಾಕ ನಿಂತ ಆಳು, ಇವರೆಲ್ಲಾ ಟೈಲ್ ಎತ್ತಾಕ ಹೋಗಿ ಹಿಡಿಯೋದು ಅದನ್ನ. ಏಣಿ ಮ್ಯಾಲ ನಿಂತವನಿಗೆ ಸಣ್ಣ ಶಾಕ್ ಹೊಡೆದ್ರೂ ಸಾಕು, ಬಿದ್ದು ತಲಿ ಒಡ್ಕೋತಾನ. ಇದರಾಗ ಉಳಿಸೋದು ಎರಡೇ, ಒಂದು ಪ್ಯಾನಲ್ಲಿಗೂ ಗ್ರಿಡ್ಡಿಗೂ ಸರಿಯಾದ ಅರ್ಥಿಂಗ್, ಇನ್ನೊಂದು ಬೋರ್ಡಿನಾಗ 30 ಮಿಲಿಆಂಪ್ ಆರ್‌ಸಿಸಿಬಿ, ಕರೆಂಟ್ ಸೋರಿದ ಕೂಡ್ಲೇ ಲೈನ್ ಕಡಿಯೋ ಸ್ವಿಚ್ಚು. ನಮ್ಮ ಕಡೆ ಅಂಗಡಿ ಸೀಲಿಂಗ್‌ನಾಗ ಪ್ಯಾನಲ್ಲಿಗೆ ಎರಡೇ ವೈರ್ ಎಳೆದು, ಅರ್ಥಿಂಗಿನ ಹಸರು ವೈರ್ ಪೈಪಿನಾಗ ಹಾಕೇ ಇಲ್ಲ ಅನ್ನೋದು ಬಹಳ ಕಡೆ ಸಿಗ್ತೈತಿ. ನಿಮ್ಮಲ್ಲಿ ಹೆಂಗೈತಿ ಅಂತ ಈ ನೆಪದಾಗ ನೋಡಿಸಿಬಿಡ್ರಿ.

ಟೆಸ್ಟರ್ ಹಚ್ಚಿ ನೋಡಿದ್ವಿ, ಏನೂ ಇಲ್ಲ ಅಂತ ಹೇಳಾಕ ಬಂದ್ರ ಕೇಳಬ್ಯಾಡ್ರಿ. ಅರ್ಥಿಂಗ್ ಇಲ್ಲದ ಚಲೋ ಡ್ರೈವರ್ ಇರೋ ಪ್ಯಾನಲ್ ಫ್ರೇಮಿಗೆ ಟೆಸ್ಟರ್ ಹಚ್ಚಿದ್ರೂ ಆ ವೈ-ಕೆಪಾಸಿಟರ್ ದೆಸೆಯಿಂದ ಮಂದಾಗಿ ಹತ್ತಬಹುದು, ಮಲ್ಟಿಮೀಟರ್ ಎಂಬತ್ತೋ ನೂರೋ ವೋಲ್ಟ್ ತೋರಸಬಹುದು, ಅದು ಅಪಾಯ ಇರ್ಲಿಕ್ಕೂ ಇಲ್ಲ. ಇನ್ನೊಂದು ಕಡೆ, ಇವತ್ತು ಟೆಸ್ಟರ್ ಹತ್ತಲಿಲ್ಲ, ಮೆಗ್ಗರ್ (ಇನ್ಸುಲೇಷನ್ ಅಳಿಯೋ ಮೀಟರ್) ಹಾಕಿದ್ರ ರೀಡಿಂಗ್ ಚಲೋ ಬಂತು ಅಂದ್ರ ಇವತ್ತು ಇನ್ಸುಲೇಷನ್ ಒಡೆದಿಲ್ಲ ಅಂತ ಅಷ್ಟೇ ಅರ್ಥ, ಬರೋ ಮೇ ತಿಂಗಳು ಒಡಿಯಂಗಿಲ್ಲ ಅಂತ ಅಲ್ಲ. ಬ್ಯಾಚಿನ ದೋಷ ಬ್ಯಾಚ್ ನಂಬರಿನಿಂದಲೇ ಗೊತ್ತಾಗಬೇಕು.

ಹೊರದೇಶದಾಗ ಇದು ಹೆಂಗ ನಡೀತೈತಿ ಅಂತ ಹೇಳಿದ್ರ ನಿಮ್ಮ ಕೈಯಾಗಿನ ಪತ್ರ ಓದಾಕ ಅನುಕೂಲ. ಅಮೆರಿಕದಾಗ ಸಿಪಿಎಸ್‌ಸಿ ಅಂತ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಐತಿ, 1972ರ ಕಾಯ್ದೆಯಿಂದ ಬಂದದ್ದು. ತನ್ನ ಮಾಲಿನಾಗ ಜನರಿಗೆ ಪೆಟ್ಟಾಗೋವಂಥ ದೋಷ ಐತಿ ಅಂತ ಕಂಪನಿಗೆ ಮಾಹಿತಿ ಸಿಕ್ಕ 24 ತಾಸಿನೊಳಗ ಅಲ್ಲಿಗೆ ತಿಳಿಸಬೇಕು. ಆಮ್ಯಾಲ ನೋಟಿಸ್ ಹೊರಗ ಬರ್ತೈತಿ, ಅದರಾಗ ಅಪಾಯ ಏನು, ಮಾಡೆಲ್ ಯಾವುದು, ತಯಾರಾದ ದಿನಾಂಕದ ಕೋಡ್ ಎಲ್ಲಿಂದ ಎಲ್ಲಿ ತನಕ, ಎಷ್ಟು ಮಾಲು ಮಾರಾಟ ಆಗೈತಿ, ಪರಿಹಾರ ಏನು ಅಂತ ಎಲ್ಲಾ ಬರೆದಿರ್ತಾರ. 2014ರಾಗ ಫಿಲಿಪ್ಸ್ ಕಂಪನಿಯ ಕೆಲವು ಎಲ್‌ಇಡಿ ಬಲ್ಬ್ ಶಾಕ್ ಹೊಡೆಯೋ ಅಪಾಯಕ್ಕ ಅಲ್ಲಿ ವಾಪಸ್ ಹೋದ್ವು. 2015ರಾಗ ಕ್ರೀ ಅನ್ನೋ ಕಂಪನಿ ಆಫೀಸು, ಸಾಲಿ, ಗೋಡೌನಿನ ಹಳೇ ಟ್ಯೂಬಿನ ಜಾಗಕ್ಕ ಹಾಕೋ ಟಿ-8 ಎಲ್‌ಇಡಿ ಟ್ಯೂಬು ವಾಪಸ್ ಕರೀತು, ಅವು ಕಾದು ಕರಗೋ ಅಪಾಯ ಇತ್ತು. ಇಂಥಾ ಕಮರ್ಷಿಯಲ್ ಫಿಟ್ಟಿಂಗ್ ರೀಕಾಲ್ ನೋಡ್ತಾ ಹೋದ್ರ ಕಾರಣ ತಿರುಗಿ ತಿರುಗಿ ನಾಕೈದ ಬರ್ತಾವು. ಲೋಹದ ಭಾಗಕ್ಕ ಕರೆಂಟ್ ಬರೋದು, ಡ್ರೈವರೋ ಚೋಕೋ ಕಾದು ಬೆಂಕಿ ಹತ್ತೋದು, ತೂಗು ಹಾಕಿದ ಫಿಟ್ಟಿಂಗೋ ಅದರ ಗಾಜೋ ಕಳಚಿ ತಲಿ ಮ್ಯಾಲ ಬೀಳೋದು, ಮತ್ತ ಎಮರ್ಜೆನ್ಸಿ ಲೈಟು ಕರೆಂಟ್ ಹೋದಾಗ ಹತ್ತದೇ ಇರೋದು. ಕೊನೇದನ್ನ ಜನ ಸುರಕ್ಷತೆ ಅಂತ ಎಣಿಸಂಗೇ ಇಲ್ಲ, ಆದ್ರ ಹೊಗಿ ತುಂಬಿದ ಮೆಟ್ಟಿಲಿನಾಗ ದಾರಿ ಕಾಣದೇ ಇದ್ರ ಅದು ಬೆಂಕಿಯಷ್ಟೇ ಕೆಟ್ಟದ್ದು.

ಇದರಾಗ ಒಂದು ಮಾತು ಗಮನಿಸ್ರಿ. ಬಹಳಷ್ಟು ನೋಟಿಸಿನಾಗ "ಇಲ್ಲಿಯವರೆಗೆ ಯಾರಿಗೂ ಗಾಯ ಆದ ವರದಿ ಇಲ್ಲ" ಅಂತ ಒಂದು ಸಾಲು ಇರ್ತೈತಿ. ನಿಮ್ಮ ಪತ್ರದಾಗೂ ಇರಬಹುದು. ಅದನ್ನ ಓದಿ, ಹಂಗಾದ್ರ ಅವಸರ ಏನಿಲ್ಲ ಬಿಡು ಅಂತ ಜನ ಸುಮ್ಮನಾಗ್ತಾರ. ಗಾಯ ಆಗೋಕಿಂತ ಮೊದಲ ಮಾಲು ವಾಪಸ್ ಬರ್ಲಿ ಅಂತಾನ ರೀಕಾಲ್ ಮಾಡೋದ್ರಿ. ಇನ್ನೂ ಏನೂ ಆಗಿಲ್ಲ ಅನ್ನೋದು ನಿಮಗ ಟೈಮ್ ಸಿಕ್ಕೈತಿ ಅಂತ, ಆ ಟೈಮ್ ದಯವಿಟ್ಟು ಕಳ್ಕೋಬ್ಯಾಡ್ರಿ.

ಈಗ ಪತ್ರ ಖರೇನೋ ಸುಳ್ಳೋ. ವಾಟ್ಸಾಪ್‌ನಾಗ ಬಂದದ್ದು ಅಂತೀರಿ, ಫಾರ್ವರ್ಡ್ ಆಗಿ ಬಂದದ್ದು ಇರಬಹುದು. ಅದರಾಗಿರೋ ನಂಬರಿಗೆ ಫೋನ್ ಹಚ್ಚಬ್ಯಾಡ್ರಿ, ಲಿಂಕ್ ಒತ್ತಬ್ಯಾಡ್ರಿ. ಪ್ಯಾನಲ್ ಬಾಕ್ಸ್ ಒಂದಾದ್ರೂ ಗೋಡೌನಿನಾಗ ಬಿದ್ದಿರ್ತೈತಿ, ಅದರ ಮ್ಯಾಲ ಕಸ್ಟಮರ್ ಕೇರ್ ಫೋನ್, ಇಮೇಲ್ ಇರ್ತೈತಿ, ಪ್ಯಾಕೆಟ್ ಮಾಲಿಗೆ ಅದನ್ನ ಹಾಕಲೇಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ನಿಯಮ ಐತಿ. ಅಲ್ಲಿಗೆ ಫೋನ್ ಮಾಡಿ ಬ್ಯಾಚ್ ನಂಬರ್ ಹೇಳ್ರಿ, ಜೊತೆಗೆ ಇಮೇಲೂ ಹಾಕ್ರಿ, ಬರವಣಿಗೆಯಾಗ ಉತ್ತರ ಕೇಳ್ರಿ. ರೀಕಾಲ್ ಹೆಸರಿನಾಗ ಯಾರಾದ್ರೂ ನಿಮ್ಮಿಂದ ರಿಜಿಸ್ಟ್ರೇಷನ್ ಫೀ, ಕೊರಿಯರ್ ಚಾರ್ಜ್, ಓಟಿಪಿ ಕೇಳಿದ್ರ ಅದು ಮೋಸ. ಪತ್ರ ಖರೇನ ಅಂತ ಪಕ್ಕಾ ಆಗೋ ತನಕಾನೂ ಎಂಸಿಬಿ ಬಂದ್ ಇರ್ಲಿ, ಅದಕ್ಕ ರೊಕ್ಕ ಏನು ಹತ್ತಂಗಿಲ್ಲ.

ಗುರುತು ಹಿಡಿಯೋದು ಇದರಾಗಿನ ದೊಡ್ಡ ಕೆಲಸ. ಪ್ಯಾನಲ್ಲಿಗೆ ಒಂದು ಲೇಬಲ್, ಡ್ರೈವರಿಗೆ ಇನ್ನೊಂದು ಲೇಬಲ್, ಎರಡೂ ಬ್ಯಾರೆ ಬ್ಯಾರೆ. ಭಾರತದಾಗ ಎರಡಕ್ಕೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ರಿಜಿಸ್ಟ್ರೇಷನ್ ಕಡ್ಡಾಯ ಐತಿ, ಪ್ಯಾನಲ್ಲಿನಂಥ ಫಿಟ್ಟಿಂಗಿಗೆ ಐಎಸ್ 10322, ಎಲ್‌ಇಡಿ ಡ್ರೈವರಿಗೆ ಐಎಸ್ 15885 ಭಾಗ 2 ಸೆಕ್ಷನ್ 13, ಲೇಬಲ್ ಮ್ಯಾಲ ಆರ್ ಅಕ್ಷರ ಆಗಿ ಎಂಟು ಅಂಕಿಯ ನಂಬರ್ ಇರ್ತೈತಿ. ನಿಮ್ಮ ಪತ್ರದಾಗ ಡ್ರೈವರ್ ಬ್ಯಾಚ್ ಅಂತ ಬರೆದಿದ್ರ ಡ್ರೈವರ್ ಲೇಬಲ್ಲೇ ನೋಡಬೇಕು, ಪ್ಯಾನಲ್ ಲೇಬಲ್ ನೋಡಿ ನಮ್ಮದಲ್ಲ ಅಂತ ಬಿಟ್ಟುಬಿಡಬಾರದು. ಎರಡು ವರ್ಷದಾಗ ಕೆಲವು ಡ್ರೈವರ್ ಸುಟ್ಟು ಬದಲಾಗಿರ್ತಾವು, ಆವಾಗ ಪ್ಯಾನಲ್ ಹಳೇದು, ಡ್ರೈವರ್ ಹೊಸದು. ಒಂದೇ ರೂಮಿನಾಗ ಮೂರು ಬ್ಯಾಚಿನ ಮಾಲು ಇರೋದೂ ಉಂಟು, ಯಾಕಂದ್ರ ಕಾಂಟ್ರಾಕ್ಟರ್ ಒಂದು ಸಲ ರಾಯಚೂರಿನಿಂದ ತಂದಿರ್ತಾನ, ಕಡಿಮಿ ಬಿದ್ದಾಗ ಸಿಂಧನೂರಿನಾಗ ತಗೊಂಡಿರ್ತಾನ. ಹಂಗಾಗಿ ಒಂದೆರಡು ನೋಡಿ ಬಿಡಬ್ಯಾಡ್ರಿ, ಪ್ರತಿಯೊಂದನ್ನೂ ಇಳಿಸಿ ನೋಡ್ರಿ. ಬ್ಯಾಸರ ಬರೋ ಕೆಲಸ, ಆದ್ರ ಇದರಾಗ ಅಂದಾಜು ನಡಿಯಂಗಿಲ್ಲ.

ಬಿಐಎಸ್ ಕೇರ್ ಅನ್ನೋ ಆ್ಯಪ್‌ನಾಗ ಆ ಆರ್ ನಂಬರ್ ಹಾಕಿದ್ರ ಯಾವ ಕಂಪನಿ, ಯಾವ ಬ್ರ್ಯಾಂಡ್, ಯಾವ ವಸ್ತು ಅಂತ ತೋರಸ್ತೈತಿ. ಡ್ರೈವರ್ ಮ್ಯಾಲಿನ ನಂಬರ್ ಹಾಕಿದ್ರ ಮೊಬೈಲ್ ಚಾರ್ಜರ್ ಕಂಪನಿ ಹೆಸರು ಬಂತು ಅಂದ್ರ ಅದು ನಕಲಿ ಮಾಲು, ಅದಕ್ಕ ರೀಕಾಲೂ ಬರಂಗಿಲ್ಲ ಹೇಳೋರು ಕೇಳೋರೂ ಇರಂಗಿಲ್ಲ, ನೀವ ತಗದು ಅದೇ ಆ್ಯಪ್‌ನಾಗ ದೂರು ಹಾಕ್ರಿ. ಆದ್ರ ನಂಬರ್ ಸರಿ ಬಂದ ಮಾತ್ರಕ್ಕ ರೀಕಾಲಿನಿಂದ ಪಾರಾದ್ವಿ ಅಂತ ಅಲ್ಲ. ಆ ನಂಬರು ಫ್ಯಾಕ್ಟರಿಗೆ ಕೊಟ್ಟದ್ದು, ಪ್ರತಿ ಬ್ಯಾಚಿಗೂ ಬ್ಯಾರೆ ಬ್ಯಾರೆ ಕೊಡಂಗಿಲ್ಲ. ರಿಜಿಸ್ಟ್ರೇಷನ್ ಇರೋ ಚಲೋ ಕಂಪನಿಯ ಮಾಲಿಗೇ ರೀಕಾಲ್ ಬರೋದು. ನನ್ನ ಕೇಳಿದ್ರ, ತನ್ನ ಬ್ಯಾಚಿನಾಗ ದೋಷ ಐತಿ ಅಂತ ಪತ್ರ ಬರೆಯೋ ಕಂಪನಿ ಮ್ಯಾಲ ನಂಬಿಕೆ ಕಡಿಮಿ ಆಗಬಾರದು, ಹೆಚ್ಚಾಗಬೇಕು. ಹೇಳದೇ ಕೂತವರ ಮಾಲು ನಮ್ಮ ತಲಿ ಮ್ಯಾಲ ಎಷ್ಟು ಐತೋ ಅನ್ನೋದ ನನ್ನ ಚಿಂತಿ.

ಬಂದ್ ಮಾಡೋದ್ರಾಗೂ ಒಂದು ಮೋಸ ಐತಿ, ಇದನ್ನ ಒತ್ತಿ ಹೇಳ್ತೀನಿ. ಜೆಸ್ಕಾಂ ಕರೆಂಟ್ ಹೋಗೋ ಊರುಗಳು ನಮ್ಮವು, ಅಂಗಡಿ ಅಂದ್ಮ್ಯಾಲ ಇನ್ವರ್ಟರ್ ಇರ್ತೈತಿ, ಸೀಲಿಂಗ್ ಲೈಟಿನಾಗ ಅರ್ಧ ಅದರ ಮ್ಯಾಲ ಇರ್ತಾವು. ಮೇನ್ ಆಫ್ ಮಾಡಿ ಏಣಿ ಹತ್ತಿದ್ರ ಇನ್ವರ್ಟರ್ ಲೈನಿನಾಗ 230 ವೋಲ್ಟ್ ಹಂಗ ಇರ್ತೈತಿ, ಜನರೇಟರ್ ಆಟೋ ಸ್ಟಾರ್ಟ್ ಇದ್ರ ಇನ್ನೂ ಕೆಟ್ಟದ್ದು, ನಡುವ ಕೈ ಹಾಕಿದಾಗ ತಾನ ಚಾಲು ಆಗ್ತೈತಿ. ಮೇನ್, ಇನ್ವರ್ಟರ್, ಜನರೇಟರ್ ಮೂರೂ ಬಂದ್ ಮಾಡಿಸಿ, ಬೋರ್ಡಿಗೆ ಬೀಗ ಇಲ್ಲಾ "ಕೆಲಸ ನಡೀತೈತಿ" ಅನ್ನೋ ಚೀಟಿ ಹಾಕಿಸಿ, ಪ್ಯಾನಲ್ ಹತ್ರ ಟರ್ಮಿನಲ್ಲಿನಾಗ ಫೇಸಿಗೂ ನ್ಯೂಟ್ರಲಿಗೂ ಎರಡಕ್ಕೂ ಚೆಕ್ ಮಾಡಿದ ಮ್ಯಾಲ ಮುಟ್ಟಬೇಕು. ಸ್ವಿಚ್ಚು ನ್ಯೂಟ್ರಲಿಗೆ ಹಾಕಿದ ವೈರಿಂಗ್ ನಮ್ಮ ಕಡೆ ಕಡಿಮಿ ಏನಿಲ್ಲ, ಅಂಥಲ್ಲಿ ಸ್ವಿಚ್ ಆಫ್ ಆದ್ರೂ ಪ್ಯಾನಲ್ಲಿನಾಗ ಫೇಸ್ ಕೂತಿರ್ತೈತಿ. ಆಫ್ ಆದ್ಮ್ಯಾಲೂ ಡ್ರೈವರ್ ಒಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಚಾರ್ಜ್ ಹಿಡ್ಕೊಂಡಿರ್ತೈತಿ, ಕೆಲವು ನಿಮಿಷ ಬಿಟ್ಟು ಕೈ ಹಾಕ್ಲಿ. ಈ ಕೆಲಸಕ್ಕ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇರೋ ವೈರ್‌ಮನ್ನನ್ನ ಕರೀರಿ, ಪರ್ಮಿಟ್ ತೋರಸು ಅನ್ನಾಕ ಸಂಕೋಚ ಬ್ಯಾಡ.

ಹಬ್ಬದ ಸೀಜನ್ ಅಂದ್ರಿ. ಶೋರೂಮಿನಾಗ ತಾತ್ಕಾಲಿಕ ಬ್ಯಾಟನ್ ಲೈಟು ಗ್ವಾಡಿಗೆ ಹಾಕ್ಸಿ, ಬಟ್ಟೆ ಬಂಡಲ್ಲಿಗೆ ತಾಗದಂಗ ಅಂತರ ಬಿಟ್ಟು. ಎಕ್ಸ್‌ಟೆನ್ಷನ್ ಬೋರ್ಡ್ ಒಂದಕ್ಕೊಂದು ಸಿಗಿಸಿ ಸೀರಿ ರ್‍ಯಾಕಿನ ಹಿಂದ ಎಳಿಯೋದು ಮಾತ್ರ ಬ್ಯಾಡ, ಒಂದು ಅಪಾಯ ತಗಿಯಾಕ ಹೋಗಿ ಇನ್ನೊಂದು ತಂದಂಗ ಆಗ್ತೈತಿ. ಮೆಟ್ಟಿಲು, ಬಾಗಿಲ ಹತ್ರ ಬೆಳಕು ಮೊದಲು ನೋಡ್ರಿ, ಮಾಲು ಚಂದ ಕಾಣೋದು ಆಮ್ಯಾಲ.

ಇನ್ನ "ಬ್ಯಾರೆ ಡ್ರೈವರ್ ನಾನ ಹಾಕಿ ಕೊಡ್ತೀನಿ" ಅನ್ನೋ ಮಾತು. ಅವನ ಮನಸ್ಸು ಒಳ್ಳೇದೇ ಇರಬಹುದು, ಆದ್ರ ಬ್ಯಾಡ. ಮೊದಲನೇದಾಗಿ ಡ್ರೈವರ್ ಅನ್ನೋದು ವ್ಯಾಟ್ ನೋಡಿ ಹಾಕೋದಲ್ಲ, ಔಟ್‌ಪುಟ್ ಕರೆಂಟ್ ಎಷ್ಟು ಮಿಲಿಆಂಪ್, ವೋಲ್ಟೇಜ್ ಎಲ್ಲಿಂದ ಎಲ್ಲಿ ತನಕ, ಎರಡೂ ಆ ಪ್ಯಾನಲ್ಲಿಗೆ ಹೊಂದಬೇಕು. ಮಾರ್ಕೆಟ್‌ನಾಗ ನಾನ್-ಐಸೋಲೇಟೆಡ್ ಅಂತ ಅಗ್ಗದ ಡ್ರೈವರ್ ಸಿಗ್ತಾವು, ಅದರಾಗ ನಾನು ಮ್ಯಾಲ ಹೇಳಿದ ಎರಡು ಕಡೆ ನಡುವಿನ ಬೇರ್ಪಡಿಕೇನ ಇರಂಗಿಲ್ಲ, ಅಂಥಾದ್ದು ಈ ಪ್ಯಾನಲ್ಲಿಗೆ ಹಾಕಿದ್ರ ಯಾವ ಅಪಾಯಕ್ಕ ಕಂಪನಿ ವಾಪಸ್ ಕರೀತೈತೋ ಅದನ್ನ ನಾವ ರೊಕ್ಕ ಕೊಟ್ಟು ಕೂಡಿಸಿಕೊಂಡಂಗ. ಎರಡನೇದು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾಗ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಪೂರಾ ಅಧ್ಯಾಯ ಐತಿ, ದೋಷದ ಮಾಲಿನಿಂದ ಪೆಟ್ಟಾದ್ರ ತಯಾರಕ, ಮಾರಿದವ ಪರಿಹಾರ ಕೊಡಬೇಕಾಗ್ತೈತಿ. ತಯಾರಕ ಯಾರಂತ ಗೊತ್ತೇ ಇಲ್ಲ ಅಂದ್ರ ಮಾರಿದವನ ತಲಿಗೆ ಬರ್ತೈತಿ. ಆದ್ರ ಅದೇ ಕಾಯ್ದೆಯ 87ನೇ ಸೆಕ್ಷನ್ ಹೇಳ್ತೈತಿ, ಪೆಟ್ಟಾದಾಗ ಆ ವಸ್ತುವನ್ನ ಬದಲಾಯಿಸಿದ್ರೆ, ಮಾರ್ಪಾಡು ಮಾಡಿದ್ರೆ ಮಾರಿದವನ ಮ್ಯಾಲ ಕೇಸು ನಿಲ್ಲಂಗಿಲ್ಲ ಅಂತ. ನಿಮ್ಮ ಎಲೆಕ್ಟ್ರಿಷಿಯನ್ ಒಂದು ಸ್ಕ್ರೂ ಬಿಚ್ಚಿ ಬ್ಯಾರೆ ಡ್ರೈವರ್ ಜೋಡಿಸಿದ ಕ್ಷಣಕ್ಕ ಆ ಪ್ಯಾನಲ್ ಅವರ ಮಾಲು ಅಲ್ಲ, ನಿಮ್ಮ ಮಾಲು ಅನ್ನಾಕ ದಾರಿ ಸಿಕ್ಕಂಗ.

ಖರ್ಚಿನ ವಿಷಯ. ರೀಕಾಲ್ ಅಂದ್ರ ರಿಪೇರಿ, ಬದಲಿ, ಇಲ್ಲಾ ರೊಕ್ಕ ವಾಪಸ್, ಇದರಾಗ ಒಂದು ಸಿಗಬೇಕು, ಅದಕ್ಕ ನಿಮ್ಮಿಂದ ದುಡ್ಡು ಕೇಳಬಾರದು. ಮಾಲು ಪುಕ್ಕಟೆ ಕೊಡ್ತೀವಿ, ಬಿಚ್ಚಿ ಹಾಕೋ ಕೂಲಿ ನಿಮ್ಮದು ಅಂತ ಬಹಳ ಕಡೆ ಹೇಳ್ತಾರ, ಸೀಲಿಂಗ್ ಕೆಲಸದಾಗ ಕೂಲಿನೇ ದೊಡ್ಡ ಖರ್ಚು, ಅದನ್ನ ಮೊದಲ ಇಮೇಲಿನಾಗ ಬರೆದು ಕೇಳ್ರಿ. ಕಾನೂನಿನ ಬಲ ಏನಂದ್ರ, ಅಪಾಯಕಾರಿ ವಸ್ತು ವಾಪಸ್ ಕರೆಸಾಕ, ರೊಕ್ಕ ವಾಪಸ್ ಕೊಡಿಸಾಕ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕ ಅದೇ 2019ರ ಕಾಯ್ದೆಯ 20ನೇ ಸೆಕ್ಷನ್ನಿನಾಗ ಅಧಿಕಾರ ಐತಿ. ಪ್ರಾಧಿಕಾರ ಶುರುವಾಗಿದ್ದು 2020ರಾಗ, 2022ರಾಗ ಅಮೆಜಾನ್ ಮೂಲಕ ಮಾರಾಟವಾದ ಗುಣಮಟ್ಟ ಇಲ್ಲದ 2,265 ಪ್ರೆಶರ್ ಕುಕ್ಕರ್ ವಾಪಸ್ ತಗೊಂಡು ಜನರಿಗೆ ರೊಕ್ಕ ಕೊಡ್ರಿ ಅಂತ ಆದೇಶ ಮಾಡಿತ್ತು. ಬಿಐಎಸ್‌ಗೂ 2016ರ ತನ್ನ ಕಾಯ್ದೆಯಾಗ ಮಾನಕಕ್ಕ ಹೊಂದದ ಮಾಲು ವಾಪಸ್ ಕರೆಸೋ ಅಧಿಕಾರ ಐತಿ. ಡೀಲರ್ ಫೋನ್ ಎತ್ತಲಿಲ್ಲ, ಕಂಪನಿ ಉತ್ತರ ಕೊಡಲಿಲ್ಲ ಅಂದ್ರ ಮೊದಲು 1915ಕ್ಕ ಫೋನ್ ಹಚ್ರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಅವರು ಕೊಡೋ ಡಾಕೆಟ್ ನಂಬರ್ (ದೂರಿನ ನಂಬರ್) ಬರೆದಿಟ್ಕೋರಿ.

ಆಮ್ಯಾಲ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ ಐತಿ, ಡೀಲರ್ ಹೈದರಾಬಾದಿನವ ಆದ್ರೂ ಚಿಂತಿಲ್ಲ, ನೀವು ಇರೋ ಊರಿನ ಜಿಲ್ಲೆಯಾಗ ಕೇಸು ಹಾಕಬಹುದು, ಕೇಸಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗ ಹಾಕಬೇಕು. ಆದ್ರ ಒಂದು ತೊಡಕು ಮೊದಲ ತಿಳಕೋರಿ. ವಾಣಿಜ್ಯ ಉದ್ದೇಶಕ್ಕ ತಗೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆಯಾಗ ಗ್ರಾಹಕರ ಅಲ್ಲ ಅಂತ ಎದುರಿನ ವಕೀಲರು ವಾದ ಮಾಡ್ತಾರ, ಜಿಎಸ್‌ಟಿ ಬಿಲ್ ನೋಡಿದ ಕೂಡ್ಲೇ ಮಾಡ್ತಾರ. ಸ್ವಂತ ದುಡಿಮೆಯಿಂದ ಹೊಟ್ಟಿ ಹೊರಿಯಾಕಷ್ಟ ನಡಸೋ ಕಸುಬಿಗೆ ತಗೊಂಡದ್ದು ವಾಣಿಜ್ಯ ಉದ್ದೇಶ ಅಲ್ಲ ಅಂತ ಅದೇ ಕಾಯ್ದೆಯಾಗ ವಿವರಣೆ ಐತಿ, ನೀವು ಮನಿ ಮಂದಿ ಸೇರಿ ನಡಸೋ ಅಂಗಡಿಯಾದ್ರ ಆ ದಾರಿ ಉಂಟು, ಕೆಲಸದವರು ಬಹಳ ಇದ್ರ ಕಷ್ಟ. ಅದಕ್ಕ ನಾನು ಹೇಳೋದು, ಕೋರ್ಟಿನ ಭರೋಸೆ ಮ್ಯಾಲ ಕೂಡ್ರಬ್ಯಾಡ್ರಿ, ಕಂಪನಿ ತಾನಾಗೇ ವಾಪಸ್ ತಗೋತೀವಿ ಅಂತ ಪತ್ರ ಬರೆದಾಗಲೇ ಮಾಲು ದಾಟಿಸಿ ರಸೀದಿ ತಗೊಂಡುಬಿಡ್ರಿ. ಯಾರಿಗಾದ್ರೂ ಶಾಕ್ ಹೊಡೆದು ಗಾಯ ಆದ್ರ ಮಾತು ಬ್ಯಾರೆ, ಆವಾಗ ತಡ ಮಾಡದೇ ವಿದ್ಯುತ್ ಪರಿವೀಕ್ಷಣಾಲಯಕ್ಕ ತಿಳಿಸಬೇಕು, ಆ ಪ್ಯಾನಲ್ ಇದ್ದಂಗ ಇಡಬೇಕು, ಯಾರೂ ಬಿಚ್ಚಬಾರದು.

ಮಾಲು ದಾಟಿಸೋವಾಗ ಪ್ರತಿ ಡ್ರೈವರಿನ ಲೇಬಲ್ ಫೋಟೋ, ಎಷ್ಟು ನಗ ಅಂತ ಲೆಕ್ಕ, ತಗೊಂಡವನ ಸಹಿ, ತಾರೀಕು, ಶಿಕ್ಕಾ. ಬದಲಿ ಬಂದಿಲ್ಲ ಅಂದ್ರ "ಬದಲಿ ಬಾಕಿ" ಅಂತ ಅದೇ ಚೀಟಿಯಾಗ ಬರೆಸ್ರಿ. ಡೀಲರ್ "ಅಲ್ಲೇ ಗುಜರಿಗೆ ಹಾಕಿಬಿಡ್ರಿ, ಫೋಟೋ ಕಳಿಸಿದ್ರ ಸಾಕು" ಅಂದ್ರೂ ಗುಜರಿಯವನಿಗೆ ಹಂಗ ಕೊಡಬ್ಯಾಡ್ರಿ. ಉರಿಯೋ ಡ್ರೈವರ್ ಗುಜರಿಯಾಗ ಉಳಿಯಂಗಿಲ್ಲ, ಒರೆಸಿ ಮತ್ತ ಮಾರ್ತಾರ, ಸಂತಿಯಾಗ ಅಗ್ಗ ಸಿಗ್ತು ಅಂತ ಯಾರೋ ರೈತರು ಮನಿಗೆ ಹಾಕ್ತಾರ, ಅಂಗನವಾಡಿಗೆ ಹಾಕ್ತಾರ. ನಿಮ್ಮ ತಲಿ ಮ್ಯಾಲಿಂದು ಇಳಿಸಿ ಒಂದು ಕೂಸಿನ ತಲಿ ಮ್ಯಾಲ ಇಟ್ಟಂಗ ಆಗಬಾರದು. ಎಸಿ ಕಡೆಯ ವೈರು ಬುಡಕ್ಕ ಕತ್ತರಿಸಿ, ಡಬ್ಬಿ ಮ್ಯಾಲ "ವಾಪಸ್ ಮಾಲು, ಬಳಸಬಾರದು" ಅಂತ ಮಾರ್ಕರ್‌ನಿಂದ ಬರೆದು ಇಡ್ರಿ, ಕಂಪನಿ ಅದಕ್ಕ ಒಪ್ಪಿದ ಮ್ಯಾಲ.

ನಮ್ಮ ಸೀಮಿಯ ಬಿಸಲಿನ ಬಗ್ಗೆ ಹೇಳದೇ ಇದ್ರ ಉತ್ತರ ಅರ್ಧ ಆಗ್ತೈತಿ. ಫಿಟ್ಟಿಂಗ್ ಲೇಬಲ್ಲಿನಾಗ ಟಿಎ ಅಂತ ಒಂದು ಉಷ್ಣಾಂಶ ಬರೆದಿರ್ತಾರ, ಸುತ್ತಲಿನ ಗಾಳಿ ಎಷ್ಟು ಡಿಗ್ರಿ ತನಕ ತಡೀತೈತಿ ಅಂತ. ಅದೇನೂ ಬರೆದಿಲ್ಲ ಅಂದ್ರ ಮಾನಕದ ಪ್ರಕಾರ 25 ಡಿಗ್ರಿಗೆ ಮಾಡಿದ್ದು ಅಂತ ಲೆಕ್ಕ. ರಾಯಚೂರಿನಾಗ ಮೇ ತಿಂಗಳು ನೆರಳಿನಾಗೇ 40 ದಾಟ್ತೈತಿ! ಫಾಲ್ಸ್ ಸೀಲಿಂಗ್ ಕೆಳಗ ಏಸಿ ತಣ್ಣಗ ಇರ್ತೈತಿ, ಆದ್ರ ಡ್ರೈವರ್ ಇರೋದು ಸೀಲಿಂಗ್ ಮ್ಯಾಲ, ಕಾದ ಸ್ಲ್ಯಾಬಿನ ಕೆಳಗ, ಗಾಳಿ ಆಡದ ಜಾಗದಾಗ, ಅದರ ಮ್ಯಾಲ ಥರ್ಮಾಕೋಲ್ ಇಲ್ಲಾ ಅರಿವಿ ಧೂಳು. ನಿಮ್ಮ ಮ್ಯಾಲಿನ ಮಹಡಿ ಹಂಗ ಇರೋದು. ಅಲ್ಲಿ ದೋಷ ಇರೋ ಇನ್ಸುಲೇಷನ್ ಬೆಂಗಳೂರಿನಾಗ ಬಾಳಿದಷ್ಟು ಬಾಳಂಗಿಲ್ಲ. ಇದರ ಜೊತೆ ನ್ಯೂಟ್ರಲ್ ಕಡಿದು ಹೋದಾಗ ತ್ರೀ ಫೇಸ್ ಅಂಗಡಿಗಳಾಗ 230ರ ಬದಲಿ 300ರ ಮ್ಯಾಲ ವೋಲ್ಟೇಜ್ ಬರೋದು. ಕಂಪನಿಯವರು ಇದನ್ನ ಹಿಡ್ಕೊಂಡು "ನಿಮ್ಮ ವೋಲ್ಟೇಜ್ ಸರಿ ಇಲ್ಲ, ಅದಕ್ಕ ಹಾಳಾತು" ಅಂತ ಹೇಳಬಹುದು, ಸುಟ್ಟುಹೋದ ಒಂದು ಡ್ರೈವರಿಗೆ ಆ ಮಾತು ಹೇಳ್ಲಿ, ರೀಕಾಲ್ ಬ್ಯಾಚಿಗೆ ಹೇಳಾಕ ಬರಂಗಿಲ್ಲ, ಫ್ಯಾಕ್ಟರಿಯಾಗ ಕೂತ ದೋಷ ಅದು. ಬದಲಿ ಮಾಲು ಬರೋವಾಗ ಟಿಎ 45 ಇಲ್ಲಾ 50 ಇರೋದು ಕೊಡ್ರಿ ಅಂತ ಕೇಳಿ ತಗೋರಿ.

ರೀಕಾಲ್ ನಮ್ಮ ಊರುಗಳಿಗೆ ಮುಟ್ಟದೇ ಇರಾಕ ದೊಡ್ಡ ಕಾರಣ ಕಾಗದ. ಕಮರ್ಷಿಯಲ್ ಫಿಟ್ಟಿಂಗ್ ಕಂಪನಿಯಿಂದ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಡೀಲರಿಗೆ, ಅಲ್ಲಿಂದ ಸೀಲಿಂಗ್ ಕಾಂಟ್ರಾಕ್ಟರಿಗೆ ಬರ್ತೈತಿ, ಕಾಂಟ್ರಾಕ್ಟರ್ ನಿಮಗ "ಸೀಲಿಂಗ್ ವಿತ್ ಲೈಟ್" ಅಂತ ಒಂದು ಸಾಲಿನ ಬಿಲ್ ಕೊಡ್ತಾನ. ನಿಮ್ಮ ಅಂಗಡಿಯಾಗ ಆ ಬ್ಯಾಚ್ ಐತಿ ಅಂತ ಕಂಪನಿಗೆ ಗೊತ್ತೇ ಇರಂಗಿಲ್ಲ. ನಿಮಗ ಪತ್ರ ಮುಟ್ಟಿದ್ದು ಆ ಡೀಲರ್ ನೆನಪಿಟ್ಟು ಕಳಿಸಿದ್ದಕ್ಕ, ಅವನಿಗೆ ಒಂದು ಥ್ಯಾಂಕ್ಸ್ ಹೇಳ್ರಿ. ಅದೇ ಕಾಂಟ್ರಾಕ್ಟರ್ ನಿಮ್ಮೂರಾಗ ಇನ್ನೆಲ್ಲಿ ಎಲ್ಲಿ ಸೀಲಿಂಗ್ ಮಾಡ್ಯಾನ ಅಂತ ಕೇಳಿ ಅವರಿಗೂ ಈ ಪತ್ರ ಮುಟ್ಟಿಸ್ರಿ, ದವಾಖಾನಿ, ಕೋಚಿಂಗ್ ಕ್ಲಾಸ್, ಬ್ಯಾಂಕು ಯಾವುದಾದ್ರೂ ಇರಬಹುದು. ಇನ್ನ ಮುಂದ ಏನೇ ಲೈಟು ತಗೊಂಡ್ರೂ ಬಿಲ್ಲಿನಾಗ ಬ್ರ್ಯಾಂಡ್, ಮಾಡೆಲ್, ಎಷ್ಟು ನಗ ಬರೆಸ್ರಿ, ಮ್ಯಾಲ ಏರಿಸೋಕಿಂತ ಮೊದಲ ಲೇಬಲ್ ಫೋಟೋ ಹೊಡೀರಿ, ಏರಿದ ಮ್ಯಾಲ ಲೇಬಲ್ ಓದಾಕ ಮತ್ತ ಸೀಲಿಂಗ್ ಬಿಚ್ಚಬೇಕು.

ಹೊಸ ಡ್ರೈವರ್ ಬಂದಾಗ ಪ್ಯಾನಲ್ ಹಂಗ ಮ್ಯಾಲ ಕೂಡಿಸಿ ಟೈಲ್ ಮುಚ್ಚಬ್ಯಾಡ್ರಿ. ಲೇಬಲ್ ಮ್ಯಾಲಿನ ಬ್ಯಾಚು ಪತ್ರದಾಗಿನ ಪಟ್ಟಿಯಾಗ ಇಲ್ಲ ಅಂತ ನೋಡ್ರಿ, ಹಳೇ ಸ್ಟಾಕ್ ತಿರುಗಿ ಬರೋದು ಉಂಟು. ಹಸರು ವೈರ್ ಇಲ್ಲದ ಕಡೆ ಈಗಲೇ ಎಳಿಸಿ ಪ್ಯಾನಲ್ ಫ್ರೇಮಿಗೂ ಗ್ರಿಡ್ಡಿಗೂ ಕೊಡಿಸ್ರಿ, ಬೋರ್ಡಿನ ಅರ್ಥ್ ಬಾರಿನಿಂದ ಕೊನೇ ಪ್ಯಾನಲ್ ತನಕ ಕಂಟಿನ್ಯುಟಿ, ಅಂದ್ರ ವೈರ್ ಎಲ್ಲೂ ಕಡಿದಿಲ್ಲ ಅನ್ನೋದು, ಚೆಕ್ ಮಾಡಿಸ್ರಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ನಿಮ್ಮ ಮುಂದ ಒತ್ತಿಸಿ ಬಿದ್ದದ್ದು ನೋಡ್ರಿ. ಬಟನ್ ಒತ್ತಿದ್ರೂ ಬೀಳಲಿಲ್ಲ ಅಂದ್ರ ಅದನ್ನ ಬದಲಿ ಮಾಡಿಸಿದ ಮ್ಯಾಲ ಲೈಟ್ ಹಚ್ರಿ. ಡ್ರೈವರ್ ಲೇಬಲ್ಲಿನ ಫೋಟೋ ಮತ್ತ ಪತ್ರದ ಫೋಟೋ ಎರಡೂ ಕಳಿಸಿದ್ರ ಬ್ಯಾಚ್ ಹೊಂದ್ತೈತೋ ಇಲ್ಲೋ ನಾನೂ ನೋಡಿ ಹೇಳ್ತೀನಿ, ಲೇಬಲ್ ಮಸುಕಾಗಿದ್ರ ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟು ಹೊಡೀರಿ, ಅಂಕಿ ಚಂದ ಕಾಣ್ತಾವು.